ದೂಜನ ಐದು ಕೈಗಳ ಗಿರಾಕಿ

ನನ್ನ ತಮ್ಮ ದೂಜ ನಡೆಯುವುದನ್ನು ಹಿಂದಿನಿಂದ ನೋಡಿದ ಯಾರಿಗಾದರೂ ಅವನ ಬಲಗೈಯಲ್ಲಿ ತುಂಬಿದ ಸಾಂಬಾರಿನ ಬಕೆಟ್ಟು ಇದೆ ಎಂದೇ ಅನ್ನಿಸುತ್ತದೆ. ಬಲಭುಜ ಎಡಭುಜಕ್ಕಿಂತ ಎರಡು ಬೆರಳು ಕೆಳಗೆ. ಎಡಗೈ ಮೈಯಿಂದ ತುಸು ದೂರ. ಹೆಜ್ಜೆ ಚಿಕ್ಕದು, ಆದರೆ ಬಿರುಸು. ಒಂದು ತೊಟ್ಟೂ ಚೆಲ್ಲಬಾರದೆಂಬ ಎಚ್ಚರದಲ್ಲಿ ಮೊಣಕಾಲು ಮೆತ್ತಗೆ ಬಗ್ಗಿ ಏಳುತ್ತದೆ. ಪರೇಲ್ ಸ್ಟೇಷನ್ನಿನ ಸೇತುವೆಯ ಮೇಲೆ, ಆಫೀಸಿಗೆ ಓಡುವ ಸಾವಿರಾರು ಜನರ ನಡುವೆಯೂ ಅವನನ್ನು ಗುರುತಿಸುವುದು ನನಗೆ ಕಷ್ಟವಿಲ್ಲ. ಯಾಕೆಂದು ತಿಳಿಯದೆಯೇ ಜನ ಅವನಿಗೆ ದಾರಿ ಬಿಡುತ್ತಾರೆ. ಆ ಸೇತುವೆಯಲ್ಲಿ ನನ್ನಂಥ ಎಪ್ಪತ್ತನಾಲ್ಕರ ಮುದುಕಿಗೂ ಯಾರೂ ದಾರಿ ಬಿಡುವುದಿಲ್ಲ ಎಂಬುದನ್ನು ಇಲ್ಲಿಯೇ ಹೇಳಿಬಿಡುತ್ತೇನೆ.

ಮಾಟುಂಗದ ಒಂದು ಹೋಟೆಲಿನ ಅಡುಗೆಮನೆಯಲ್ಲಿ ಅವನು ನಲವತ್ತೊಂದು ವರ್ಷ ಕಳೆದ. ಕರಾವಳಿಯ ನಮ್ಮ ಊರು ಹೆಜಮಾಡಿಯಿಂದ ಬಂದಾಗ ತಟ್ಟೆ ತೊಳೆದ, ಆಮೇಲೆ ತೆಂಗಿನಕಾಯಿ ತುರಿದ, ಆಮೇಲೆ ಬಕೆಟ್ಟು ಹಿಡಿದ. ಕೊನೆಯ ಇಪ್ಪತ್ತೈದು ವರ್ಷ ಅವನ ಮುಖ್ಯ ಕೆಲಸ ಉಪ್ಪು ನೋಡುವುದು. ಇದು ಸಣ್ಣ ಕೆಲಸವೆಂದು ತಿಳಿಯಬೇಡಿ. ಮೂರು ದೊಡ್ಡ ಹಂಡೆಗಳು, ಹೊರಗೆ ಬಾಗಿಲ ತನಕ ನಿಂತ ಜನ, ಒಳಗೆ ಬೆವರುವ ಹತ್ತು ಅಡುಗೆಯವರು, ಎಲ್ಲರೂ ಇವನ ಒಂದು ಹುಬ್ಬಿಗಾಗಿ ಕಾಯಬೇಕು. ಅಂಗಿಯ ಜೇಬಿನಲ್ಲಿ, ಬೇರೆಯವರು ಪೆನ್ನು ಇಟ್ಟುಕೊಳ್ಳುವ ಜಾಗದಲ್ಲಿ, ಇವನು ಒಂದು ಸ್ಟೀಲಿನ ಚಮಚ ಇಟ್ಟುಕೊಳ್ಳುತ್ತಿದ್ದ. ಅದರಿಂದ ಎಡ ಅಂಗೈಯ ಗುಳಿಗೆ ನಾಲ್ಕು ತೊಟ್ಟು ಬಿಟ್ಟುಕೊಂಡು, ನಾಲಗೆಯ ತುದಿಯನ್ನಷ್ಟೇ ಮುಟ್ಟಿಸಿ, ಕಣ್ಣು ಮುಚ್ಚಿ ಬಲಹುಬ್ಬನ್ನು ಎತ್ತುತ್ತಿದ್ದ. ಹುಬ್ಬು ಇಳಿಯಿತೋ, “ಹದ” ಎನ್ನುತ್ತಿದ್ದ. ಹಂಡೆ ಹೊರಗೆ ಹೋಗುತ್ತಿತ್ತು. ಅವನಿಗೆ ಲೋಕವೆಲ್ಲ ಎರಡೇ ಬಗೆ: ಹದ ಬಂದದ್ದು, ಹದ ಬಾರದ್ದು. ನನ್ನ ಗಂಡನ ಸ್ವಭಾವ, ಮಳೆಗಾಲದ ಲೋಕಲ್ ಗಾಡಿ, ನನ್ನ ಮಗಳ ಮದುವೆಯ ಮಂಟಪ, ಎಲ್ಲಕ್ಕೂ ಅವನದು ಇದೇ ಒಂದು ಮಾತು.

ಎರಡು ವರ್ಷದ ಹಿಂದೆ ಅವನಿಗೊಂದು ಜ್ವರ ಬಂತು. ಹತ್ತು ದಿನಕ್ಕೆ ಇಳಿಯಿತು. ನಾಲಗೆಯ ರುಚಿಯನ್ನು ಮಾತ್ರ ತನ್ನ ಜೊತೆ ಕರೆದುಕೊಂಡೇ ಹೋಯಿತು. ಅವನು ಯಾರಿಗೂ ಹೇಳಲಿಲ್ಲ. ಹೋಟೆಲಿನ ಧಣಿಗಳಿಗೆ ಮೊಣಕಾಲು ನೋವೆಂದು ಹೇಳಿ ಕೆಲಸ ಬಿಟ್ಟ. ನನಗೂ ಮೊಣಕಾಲೆಂದೇ ಹೇಳಿದ. ಮದುವೆಯಾಗದ ಮನುಷ್ಯ, ಹೋಟೆಲಿನ ಕೋಣೆಯಲ್ಲೇ ಬದುಕಿದವನು, ಒಂದು ಸೂಟ್‌ಕೇಸು ಹಿಡಿದು ಪರೇಲಿನ ನಮ್ಮ ಮನೆಗೆ ಬಂದ. ನಮ್ಮ ಹಳೆಯ ಚಾಳಿನ ಜಾಗದಲ್ಲಿ ಎದ್ದ ಬಿಲ್ಡಿಂಗಿನ ಹದಿನಾಲ್ಕನೆಯ ಮಾಳಿಗೆಯಲ್ಲಿ ನಾನು ಮತ್ತು ಮೊಮ್ಮಗಳು ನಮಿತಾ ಇದ್ದೇವೆ. ಒಂದು ದಿನ ನಾನು ಮರೆತು ಉಪ್ಪು ಹಾಕದೆ ಸಾರು ಬಡಿಸಿದೆ. ದೂಜ ಎರಡು ಸಲ ಹಾಕಿಸಿಕೊಂಡು, “ಹದ ಉಂಟು ಅಕ್ಕ” ಎಂದ. ಉಪ್ಪು ನೋಡುವ ನನ್ನ ತಮ್ಮ! ನಾನು ಒಳಗೆ ಹೋಗಿ ಸಾರಿನ ಪಾತ್ರೆಯ ಮುಂದೆ ನಿಂತು ಸೆರಗು ಬಾಯಿಗಿಟ್ಟುಕೊಂಡೆ. ಆಮೇಲೆ ಏನೂ ಆಗದವಳಂತೆ ಹೊರಗೆ ಬಂದು ಮಜ್ಜಿಗೆ ಬಡಿಸಿದೆ. ಅವನು ಮುಚ್ಚಿಟ್ಟ, ನಾನೂ ಮುಚ್ಚಿಟ್ಟೆ. ಒಂದೇ ಮನೆಯಲ್ಲಿ ಇಬ್ಬರು ಒಂದೇ ಗುಟ್ಟನ್ನು ಬೇರೆ ಬೇರೆ ಡಬ್ಬಿಗಳಲ್ಲಿ ಇಟ್ಟುಕೊಂಡಿದ್ದೆವು.

ಕೆಲಸವಿಲ್ಲದ ದೂಜನನ್ನು ನೋಡುವುದು ನನಗೆ ಆಗುತ್ತಿರಲಿಲ್ಲ. ಕಿಟಕಿಯ ಹತ್ತಿರ ಕೂತು, ಕೆಳಗೆ ಹಳೆಯ ಮಿಲ್ಲಿನ ಚಿಮಣಿಯನ್ನೂ ಅದರ ಪಕ್ಕದ ಗಾಜಿನ ಆಫೀಸುಗಳನ್ನೂ ನೋಡುತ್ತಾ, ಟಿಫಿನ್ನಿನ ಸಮಯಕ್ಕೆ ಸರಿಯಾಗಿ ಎದ್ದು ನಿಂತು, ಏನು ಮಾಡಲೆಂದು ತಿಳಿಯದೆ ಪುನಃ ಕೂರುತ್ತಿದ್ದ. ಆಗ ನಮಿತಾ ಅವನನ್ನು ಎಬ್ಬಿಸಿದಳು. ಇವಳಿಗೆ ಇಪ್ಪತ್ತಾರು ವರ್ಷ, ಪವಾಯಿಯಲ್ಲಿ ಕೆಲಸ. ಕನ್ನಡವೂ ತುಳುವೂ ಅರ್ಥವಾಗುತ್ತವೆ. ಬಾಯಿ ತೆರೆದರೆ ನಾಲ್ಕು ಭಾಷೆ ಒಟ್ಟಿಗೆ ಉದುರುತ್ತವೆ.

“ಅಜ್ಜಾ, ಸಂಡೇ ಫ್ರೀ ಇದ್ದೀಯಾ? ಸಮುದ್ರ... ನೀರು ಹಿಂದೆ ಹೋಗ್ತದಲ್ಲ, ಆಗ ಕಲ್ಲಿನ ಮೇಲೆ ವಾಕ್. ಮಸ್ತ್ ಉಂಟು.”

“ಸಮುದ್ರದಲ್ಲಿ ಎಂತ ಉಂಟು ನೋಡ್ಲಿಕ್ಕೆ? ನಾನು ಸಮುದ್ರದ ಬುಡದಲ್ಲೇ ಹುಟ್ಟಿದವ,” ಎಂದ ದೂಜ. ಆದರೂ ಹೋದ.

ಹೋದವನು ಬಂಡೆಗಳ ನಡುವೆ ನಿಂತ ನೀರಿನ ಒಂದು ಗುಂಡಿಯ ಮುಂದೆ ಕುಕ್ಕರುಗಾಲಿನಲ್ಲಿ ಕೂತವನು, ಮುಕ್ಕಾಲು ಗಂಟೆ ಏಳಲಿಲ್ಲವಂತೆ. ಮೊಣಕಾಲು ನೋವಿನ ಮನುಷ್ಯ! ಗುಂಡಿಯಲ್ಲಿ ಒಂದು ಸಣ್ಣ ನಕ್ಷತ್ರಮೀನು ಇತ್ತು. ಒಂದು ಗೇಣು ಸರಿಯಲು ಅದಕ್ಕೆ ಕಾಲುಗಂಟೆ ಬೇಕಾಯಿತು. ಮನೆಗೆ ಬಂದು ಚಪ್ಪಲಿ ಬಿಡುವ ಮೊದಲೇ ನನಗೆ ವರದಿ ಒಪ್ಪಿಸಿದ. “ಅಕ್ಕ, ಈ ಊರಿಗೆ ಬಂದು ಇಷ್ಟು ವರ್ಷ ಆಯ್ತು, ಅರ್ಜೆಂಟ್ ಇಲ್ಲದ ಒಂದು ಜೀವ ನೋಡಿದ್ದು ಇದೇ ಮೊದಲು.” ನಾವು ಆಡುವುದು ತುಳು, ನಿಮಗಾಗಿ ಕನ್ನಡ ಮಾಡಿ ಹೇಳುತ್ತಿದ್ದೇನೆ, ತುಳುವಿನಲ್ಲಿ ಇದು ಇನ್ನೂ ಚಂದ ಇತ್ತು.

ಅಲ್ಲಿಂದ ಶುರುವಾಯಿತು. ಧಾರಾವಿಯ ಬದಿಯಲ್ಲಿ, ಪ್ಲಾಸ್ಟಿಕ್ ಡಬ್ಬಗಳ ರಾಶಿಯ ಗೋಡೌನುಗಳ ನಡುವೆ, ಪರಪ್ಪ ಎಂಬವರದೊಂದು ಮೀನಿನ ಅಂಗಡಿ ಇದೆ. ಸಾಕುವ ಮೀನು, ತಿನ್ನುವ ಮೀನಲ್ಲ. ಪರಪ್ಪ ವಿಜಯಪುರದ ಕಡೆಯ ಸಿಂದಗಿಯವರು. ಗಲ್ಲದ ತನಕ ಹಬ್ಬಿದ ದೊಡ್ಡ ಮೀಸೆ, ತಲೆಗೆ ಬಿಳಿ ಟೋಪಿ, ಸುತ್ತ ಬಣ್ಣಬಣ್ಣದ ಮೀನುಗಳ ಗಾಜಿನ ತೊಟ್ಟಿಗಳು. ನಿಮ್ಮ ಊರಿಗೆ ಸಮುದ್ರ ಎಷ್ಟು ದೂರ ಎಂದು, ದೂಜನ ಜೊತೆಗೆ ಹೋಗಿದ್ದ ನಾನು ಕೇಳಿದೆ. “ಬಸ್ಸಿನ್ಯಾಗ ಒಂದ್ ಹಗಲ ಒಂದ್ ರಾತ್ರಿ ಅಕ್ಕಾರ. ಮುಂಬೈಗೆ ಬರೂತನಕಾ ನಾ ಸಮುದ್ರ ನೋಡಿದಾಂವಲ್ಲ. ಈಗ ನೋಡ್ರಿ, ಸಮುದ್ರಾ ಚೀಲದಾಗ ತುಂಬಿ ಮಾರಲಿಕ್ಕ ಹತ್ತೀನಿ,” ಎಂದು ಸಮುದ್ರದ ಉಪ್ಪಿನ ಚೀಲವನ್ನು ತಟ್ಟಿ ತೋರಿಸಿದರು.

ದೂಜ ಅಂಗಡಿಯ ಒಂದು ತೊಟ್ಟಿಯಿಂದ ಚಮಚದಲ್ಲಿ ನೀರು ತೆಗೆದು, ಅಂಗೈಗೆ ಬಿಟ್ಟುಕೊಂಡು, ನಾಲಗೆ ಮುಟ್ಟಿಸಿ, ಹುಬ್ಬೆತ್ತಿ, “ಹದ ಉಂಟು” ಎಂದ. ಪರಪ್ಪನವರ ಮುಖ ಅರಳಿತು. ನಾನು ಬೇರೆ ಕಡೆ ನೋಡಿದೆ.

“ಒಂದು ನಕ್ಷತ್ರಮೀನು ಕೊಡಿ,” ಎಂದ ದೂಜ.

“ಇವತ್ತ ಆಗಾಂಗಿಲ್ಲ ಕಾಕಾ. ಮೊದ್ಲ ತೊಟ್ಟಿ ಇಡ್ರಿ, ನೀರ ತಯಾರಾಗ್ಲಿ. ಮೂರ್ ತಿಂಗಳಂತೂ ಬೇಕು. ನಾಲ್ಕಾದ್ರ ಭಾಳ ಚಲೋ.”

“ನೀರು ತಯಾರಾಗ್ಲಿಕ್ಕೆ ನಾಲ್ಕು ತಿಂಗಳಾ? ನೀರು ಎಂತ ಮಿಡಿ ಉಪ್ಪಿನಕಾಯಿಯಾ?”

“ಕಣ್ಣಿಗಿ ಕಾಣದ ಹುಳ ಹುಟ್ಟಬೇಕ್ರಿ ಅದರಾಗ. ಮೀನ ಹೊಲಸ ಮಾಡಿದ್ದ ಅವು ತಿಂತಾವ. ಹೊಸಾ ನೀರಾಗ ಅವು ಇರಂಗಿಲ್ಲ. ನಕ್ಷತ್ರಮೀನ ಹಾಕಿದ್ರ ಎಂಟ ದಿನಕ್ಕ ಸಾಯ್ತದ.”

ದೂಜ ಹಣೆ ಚಚ್ಚಿಕೊಂಡ. “ಹಿಟ್ಟು ಹುಳಿ ಬರುವುದು ಅಂತ ಒಂದೇ ಮಾತಲ್ಲಿ ಹೇಳಬಾರದಾ ಮಾರಾಯ್ರೆ! ಅದನ್ನು ನನಗೆ ಕಲಿಸ್ಬೇಕಾ?”

ದೀಪಾವಳಿಯ ಪಾಡ್ಯದ ದಿನ ನಮ್ಮ ಹಾಲಿನಲ್ಲಿ ಮೂರಡಿ ಉದ್ದದ ತೊಟ್ಟಿ ಬಂದು ಕೂತಿತು. ಹೊಸ ಹೋಟೆಲು ತೆರೆಯುವಾಗ ಮಾಡುವಂತೆ ದೂಜ ಅದರ ಮುಂದೆ ಹಾಲು ಉಕ್ಕಿಸಿದ, ಊದುಬತ್ತಿ ಹಚ್ಚಿದ. ಆಮೇಲೆ ನಾಲ್ಕು ತಿಂಗಳು ಆ ತೊಟ್ಟಿಯಲ್ಲಿ ನೀರು, ಮರಳು, ತೂತು ತೂತಾದ ಕಲ್ಲು, ಗುಳುಗುಳು ಎನ್ನುವ ಪಂಪು, ಇಷ್ಟು ಬಿಟ್ಟರೆ ಏನೂ ಇರಲಿಲ್ಲ. ಬಿಲ್ಡಿಂಗಿನ ಹೆಂಗಸರು ಬಂದು “ಮೀನೆಲ್ಲಿ?” ಎಂದು ಕೇಳಿ ಕೇಳಿ ನಕ್ಕು ಹೋದರು. ಹತ್ತನೆಯ ಮಾಳಿಗೆಯ ಕಸ್ತೂರಿಬಾಯಿಯಂತೂ, ನಿಮ್ಮ ತಮ್ಮ ಗಾಜಿನ ಪೆಟ್ಟಿಗೆಯಲ್ಲಿ ಕಲ್ಲು ಬೇಯಿಸುತ್ತಿದ್ದಾನೆಂದು ಲಿಫ್ಟಿನಲ್ಲಿ ಎಲ್ಲರಿಗೂ ಹೇಳಿದಳು. ಗಿರಾಕಿ ಇಲ್ಲದ ಹೋಟೆಲಿನಲ್ಲಿ ಕೂರುವುದು ಹೋಟೆಲಿನವನಿಗೆ ಎಷ್ಟು ಅವಮಾನವೆಂದು ಅವರಿಗೆ ಗೊತ್ತಿಲ್ಲ. ದೂಜ ಎಲ್ಲರಿಗೂ ಒಂದೇ ಉತ್ತರ ಕೊಟ್ಟ: “ಹಿಟ್ಟು ಹುಳಿ ಬರ್ಲಿ.”

ಉಪ್ಪು ನೋಡಲು ಪರಪ್ಪ ಒಂದು ಸಲಕರಣೆ ಕೊಟ್ಟಿದ್ದರು. ದುರ್ಬೀನಿನಂಥ ಗಿಡ್ಡ ಕೊಳವೆ. ತುದಿಯ ಗಾಜಿನ ಮೇಲೆ ಒಂದು ತೊಟ್ಟು ನೀರು ಬಿಟ್ಟು, ಬೆಳಕಿಗೆ ಹಿಡಿದು ನೋಡಿದರೆ ಒಳಗೆ ಅಂಕಿ ಕಾಣುತ್ತದೆ. ಮೂವತ್ತೈದು ಬಂದರೆ ಸಮುದ್ರಕ್ಕೆ ಸಮ. ದೂಜ ಅದನ್ನು ಮುಟ್ಟಲಿಲ್ಲ. “ಉಪ್ಪನ್ನು ಕಣ್ಣಿಂದ ನೋಡುವುದುಂಟಾ?” ಎಂದು ಕಪಾಟಿನ ಖಾನೆಗೆ ತಳ್ಳಿದ. ಆದರೆ ಪ್ರತಿ ಶನಿವಾರ ನಮಿತಾ ಅದನ್ನು ತೆಗೆದು ನೋಡುತ್ತಿದ್ದಳು. “ಥರ್ಟಿ ಫೈವ್, ಅಜ್ಜಾ!” ಎಂದು ಅವಳು ಕೂಗಿದ ಮೇಲೆ ದೂಜ ಗಂಭೀರವಾಗಿ ಎದ್ದು ಬಂದು, ಅಂಗೈಗೆ ನೀರು ಬಿಟ್ಟುಕೊಂಡು, ನಾಲಗೆ ಮುಟ್ಟಿಸಿ, ಹುಬ್ಬೆತ್ತಿ ಇಳಿಸಿ “ಹದ” ಎನ್ನುತ್ತಿದ್ದ. ಅವಳು ಅಂಕಿ ಹೇಳುವ ಮೊದಲು ಒಂದು ದಿನವೂ ಅವನು ನಾಲಗೆ ಮುಟ್ಟಿಸಲಿಲ್ಲ. ನಾನು ಕೂತಲ್ಲಿಂದ ಎಲ್ಲ ನೋಡುತ್ತಿದ್ದೆ. ಅಷ್ಟರಲ್ಲೇ ಅವನ ಮುಖಕ್ಕೆ ಹಳೆಯ ಕಳೆ ಬರುತ್ತಿತ್ತಾದ್ದರಿಂದ, ಸುಳ್ಳಾದರೂ ಇರಲಿ ಅಂದುಕೊಂಡೆ.

ಮಾರ್ಚ್ ತಿಂಗಳಲ್ಲಿ ಪರಪ್ಪ ಫೋನು ಮಾಡಿದರು. ಅಂಗೈಯಗಲದ, ಕೇಸರಿ ಬಣ್ಣದ, ಬೆನ್ನ ಮೇಲೆ ಕಪ್ಪು ಗಂಟುಗಳಿದ್ದ ನಕ್ಷತ್ರಮೀನನ್ನು ನೀರಿನ ಡಬ್ಬಿಯಲ್ಲಿಟ್ಟು ದೂಜ ಧಾರಾವಿಯಿಂದ ಟ್ಯಾಕ್ಸಿಯಲ್ಲಿ ತಂದ. ಅದಕ್ಕೆ ಗಾಳಿ ತಗಲಬಾರದಂತೆ. ಒಂದು ನೀರಿನಿಂದ ಇನ್ನೊಂದು ನೀರಿಗೆ ಥಟ್ಟನೆ ಹಾಕಿದರೂ ಸಾಯುತ್ತದಂತೆ. ಸ್ಟೂಲಿನ ಮೇಲೆ ಕೂತು, ತೊಟ್ಟಿಯ ನೀರನ್ನು ಚಮಚ ಚಮಚವಾಗಿ ಡಬ್ಬಿಗೆ ಬೆರೆಸುತ್ತಾ ಎರಡೂವರೆ ಗಂಟೆ ಕಳೆದ. ಹೆಸರಿಡೋಣವೆಂದಳು ನಮಿತಾ. “ಹೆಸರು ಯಾಕೆ? ಗಿರಾಕಿಯ ಹೆಸರು ಕೇಳುವ ಕ್ರಮ ಇಲ್ಲ,” ಎಂದ ದೂಜ. ಅಲ್ಲಿಂದ ನಮ್ಮ ಮನೆಯಲ್ಲಿ ಅದು ಗಿರಾಕಿಯೇ. ಗಿರಾಕಿ ಎದ್ದಿತಾ, ಗಿರಾಕಿ ಗಾಜು ಹತ್ತಿತಾ, ಗಿರಾಕಿ ಉಂಡಿತಾ.

ಅದು ಉಣ್ಣುವುದೊಂದು ವಿಚಿತ್ರ. ಕೆಳಗೆ ಮಾರ್ಕೆಟ್ಟಿನಲ್ಲಿ ಮುಂಬೈಯ ಮೀನುಗಾರ ಕೋಲಿ ಜಾತಿಯ ಹೆಂಗಸು ಚಂಪಾ ಮೀನು ಮಾರುತ್ತಾಳೆ. ಅವಳ ಹತ್ತಿರ ಇವನು ವಾರಕ್ಕೆ ಎರಡು ದಿನ ಹೋಗಿ ಎರಡೇ ಮರುವಾಯಿ ಚಿಪ್ಪು ಕೇಳುತ್ತಾನೆ. ಅವಳು ಮರಾಠಿಯಲ್ಲಿ, “ಎರಡು ಚಿಪ್ಪಾ? ಮನೆಯಲ್ಲಿ ಬೆಕ್ಕು ಬಾಣಂತಿಯೇನು ಅಣ್ಣಾ?” ಎಂದು ಬುಟ್ಟಿಯ ಹಿಂದಿನಿಂದ ಬೈಯುತ್ತಾಳೆ, ಕೊಡುತ್ತಾಳೆ. ಚಿಪ್ಪು ಬಿಡಿಸಿ, ತುಂಡನ್ನು ಗಿರಾಕಿಯ ಮುಂದೆ ಇಟ್ಟರೆ, ಅದು ಮೆಲ್ಲಗೆ ಅದರ ಮೇಲೆ ಏರಿ, ತನ್ನ ಹೊಟ್ಟೆಯನ್ನೇ ಬಾಯಿಯಿಂದ ಹೊರಗೆ ತಂದು, ಊಟಕ್ಕೆ ಹೊದೆಸಿ ಕೂರುತ್ತದೆ. ದೂಜ ಮೊದಲ ಸಲ ಇದನ್ನು ನೋಡಿ ಕೈಮುಗಿದ. “ಇಷ್ಟು ವರ್ಷ ಎಷ್ಟೋ ಹಸಿದವರಿಗೆ ಬಡಿಸಿದ್ದೇನೆ ಅಕ್ಕ, ಹೊಟ್ಟೆಯನ್ನೇ ತಟ್ಟೆಗೆ ಹಾಕಿಕೊಂಡು ಕೂತವರು ಯಾರೂ ಇಲ್ಲ.”

ಏಪ್ರಿಲಿನಲ್ಲಿ ನಮಿತಾಳನ್ನು ಆಫೀಸಿನವರು ಒಂದೂವರೆ ತಿಂಗಳು ಪುಣೆಗೆ ಕಳಿಸಿದರು. ಅದೇ ಸಮಯಕ್ಕೆ ಸೆಕೆ ಹಿಡಿಯಿತು. ನೀರು ಬಿಸಿಯಾಗಬಾರದೆಂದು ದೂಜ ತೊಟ್ಟಿಯ ಮೇಲೆ ಟೇಬಲ್ ಫ್ಯಾನು ಇಟ್ಟ. ದಿನ ಬೆಳಗಾದರೆ ನೀರಿನ ಮಟ್ಟ ಅರ್ಧ ಬೆರಳು ಇಳಿದಿರುತ್ತಿತ್ತು. ಮೊದಲೆಲ್ಲ ಶನಿವಾರ ನಮಿತಾ ಕ್ಯಾನಿನಿಂದ ನೀರು ಸುರಿದು ಮಟ್ಟ ಸರಿಮಾಡುತ್ತಿದ್ದಳು. ಈಗ ದೂಜ ಲೋಟದಲ್ಲಿ ಅಳೆದು ಉಪ್ಪು ಬೆರೆಸಿ ನೀರು ಸುರಿದ. ನಾನೂ ನೋಡಿದೆ, ಸರಿ ಎಂದೇ ತೋರಿತು. ಕ್ಯಾನಿನಲ್ಲೂ ಉಪ್ಪುನೀರೇ ಇದ್ದದ್ದೆಂದು ಇಬ್ಬರೂ ತಿಳಿದಿದ್ದೆವು. ನಮಿತಾ ಪುಣೆಯಿಂದ ಫೋನಿನಲ್ಲಿ, “ಅಜ್ಜಾ, ಸಾಲ್ಟ್ ಚೆಕ್ ಮಾಡಿದೆಯಾ?” ಎಂದು ಕೇಳಿದಾಗ, “ಹದ ಉಂಟು” ಎಂದು ದೂಜ ಧೈರ್ಯವಾಗಿ ಹೇಳಿದ. ಕೊಳವೆ ಖಾನೆಯಲ್ಲೇ ಇತ್ತು.

ಮೂರನೆಯ ವಾರ ಗಿರಾಕಿ ಗಾಜು ಹತ್ತುವುದನ್ನು ಬಿಟ್ಟಿತು. ಆಮೇಲೆ ಮರುವಾಯಿಯನ್ನು ಮುಟ್ಟಲಿಲ್ಲ. ಆಮೇಲೆ ಒಂದು ಕೈಯ ತುದಿ ಜೋತು ಬಿದ್ದು, ಬೆಳ್ಳಗಾಯಿತು. ದೂಜ ಸ್ಟೂಲಿನಿಂದ ಏಳಲೇ ಇಲ್ಲ. ಸೆಕೆ ಎಂದ, ಫ್ಯಾನು ಜೋರು ಮಾಡಿದ. ಅಂಗೈಗೆ ನೀರು ಬಿಟ್ಟುಕೊಂಡು ನಾಲಗೆ ಮುಟ್ಟಿಸಿದ. ಹುಬ್ಬು ಏರಿತು, ಬಹಳ ಹೊತ್ತು ಇಳಿಯಲಿಲ್ಲ. ಕೊನೆಗೆ “ಹದವೇ ಉಂಟಲ್ಲ” ಎಂದ, ಯಾರನ್ನೋ ಬೇಡಿಕೊಳ್ಳುವವನ ಹಾಗೆ. ಆ ಪ್ರಾಣಿ ಸತ್ತರೆ ಇವನು ಮತ್ತೆ ಕಿಟಕಿಯ ಹತ್ತಿರ ಹೋಗಿ ಕೂರುತ್ತಾನೆ, ಅಲ್ಲಿಂದ ಇವನನ್ನು ಏಳಿಸುವವರು ಇಲ್ಲ. ಬದುಕಿಸಬೇಕಾದರೆ, ನಿನ್ನ ನಾಲಗೆ ಸತ್ತಿದೆ ಎಂದು ನಾನು ಅವನ ಮುಖಕ್ಕೆ ಹೇಳಬೇಕು. ಎರಡು ದಿನ ನನಗೆ ಊಟ ರುಚಿಸಲಿಲ್ಲ.

ಮೂರನೆಯ ದಿನ ಮಧ್ಯಾಹ್ನ ಅವನು ತಾಜಾ ಮರುವಾಯಿ ತಂದರೆ ತಿಂದೀತೇನೋ ಎಂದು ಕೆಳಗಿಳಿದ. ನಾನು ತೊಟ್ಟಿಗೆ ಬೆರಳು ಅದ್ದಿ ಬಾಯಿಗೆ ಇಟ್ಟುಕೊಂಡೆ. ಅಯ್ಯೋ, ಕಿವಿಯವರೆಗೆ ಉಪ್ಪು ಹತ್ತಿತು! ಹೆಜಮಾಡಿಯ ಸಮುದ್ರದಲ್ಲಿ ಮಿಂದು ಬೆಳೆದವಳು ನಾನು. ಅಲೆ ಬಾಯಿಗೆ ನುಗ್ಗಿದಾಗಿನ ಉಪ್ಪು ಎಷ್ಟೆಂದು ಗೊತ್ತಿಲ್ಲವೇ? ಇದು ಸಮುದ್ರವಲ್ಲ, ಮಿಡಿ ಹಾಕಿದ ಭರಣಿ.

ದೂಜ ಬಂದ. ಚಪ್ಪಲಿ ಬಿಡುವಾಗಲೇ ಹೇಳಿದೆ, ತಡಮಾಡಿದರೆ ಧೈರ್ಯ ಹೋಗುತ್ತಿತ್ತು.

“ದೂಜ, ನೀರು ಉಪ್ಪು ಕಟು ಆಗಿದೆ.”

“ಇಲ್ಲ ಅಕ್ಕ, ನಾನು ನೋಡಿದ್ದೇನೆ.”

“ನೀನು ನೋಡಿದ್ದು ನೋಡಿದ್ದಲ್ಲ. ನಿನ್ನ ನಾಲಗೆಯ ರುಚಿ ಹೋಗಿ ಎರಡು ವರ್ಷ ಆಯ್ತು. ನನಗೆ ಗೊತ್ತುಂಟು.”

ಮರುವಾಯಿಯ ಪೊಟ್ಟಣ ಹಿಡಿದು ಬಾಗಿಲಲ್ಲೇ ನಿಂತ. ಮುಖ ಕಪ್ಪಾಯಿತು. “ಯಾವಾಗಿನಿಂದ ಗೊತ್ತು?” ಎಂದ.

“ನೀನು ಬಂದ ತಿಂಗಳಿಂದ. ಉಪ್ಪು ಹಾಕದ ಸಾರನ್ನು ಎರಡು ಸಲ ಹಾಕಿಸಿಕೊಂಡೆ.”

“ಬೇಕಂತಲೇ ಹಾಕಲಿಲ್ಲವಾ?”

“ಮೊದಲ ದಿನ ಮರೆತೆ. ಮರುದಿನ ಬೇಕಂತ. ಅದರ ಮರುದಿನ ಕಾಯಿಹುಳಿಗೂ ಹಾಕಲಿಲ್ಲ.”

“ಅದನ್ನೂ ಹೊಗಳಿದೆನಾ?”

“ಹೋಟೆಲಿನದ್ದಕ್ಕಿಂತ ಚಂದ ಆಗಿದೆ ಅಂದೆ.”

ಅವನ ಭುಜ ಅಲುಗತೊಡಗಿತು. ಅಳುತ್ತಾನೆಂದು ಹೆದರಿ ಎದ್ದೆ. ನೋಡಿದರೆ ನಗುತ್ತಿದ್ದಾನೆ, ಕಣ್ಣಲ್ಲಿ ನೀರೂ ಇದೆ. ಗೋಡೆ ಹಿಡಿದುಕೊಂಡು, “ಉಪ್ಪಿಲ್ಲದ ಕಾಯಿಹುಳಿಗೆ... ನಾನು...” ಎಂದು ಮಾತು ಮುಗಿಸಲಾಗದೆ ನಕ್ಕ. ನನಗೂ ತಡೆಯಲಾಗಲಿಲ್ಲ. ಇಬ್ಬರು ಮುದುಕರು ಹೀಗೆ ನಗುವುದನ್ನು ಪಕ್ಕದ ಮನೆಯವರು ಕೇಳಿದ್ದರೆ ಏನೆಂದುಕೊಳ್ಳುತ್ತಿದ್ದರೋ. ಆಮೇಲೆ ಅವನೇ ಪರಪ್ಪನವರಿಗೆ ಫೋನು ಹಚ್ಚಿದ.

ಪರಪ್ಪ ಅಂಗಡಿಗೆ ಬೀಗ ಹಾಕಿ ಒಂದು ಗಂಟೆಯಲ್ಲಿ ಬಂದರು. ಕೊಳವೆಯನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿ, “ನಲವತ್ಮೂರು!” ಎಂದು ಚೀರಿದರು. “ಕಾಕಾ, ದಿನಾ ನಾಲಗಿಗಿ ಹಚ್ಚಿ ನೋಡ್ತೀನಿ ಅಂತಿದ್ರಿ, ಏನ್ ನೋಡಿದ್ರಿ?”

ಏನಾದರೊಂದು ಹೇಳಿ ಮುಚ್ಚಬೇಕೆಂದು ನಾನು ಬಾಯಿ ತೆರೆದೆ. ಅಷ್ಟರಲ್ಲಿ ದೂಜನೇ ಹೇಳಿದ: “ನನ್ನ ನಾಲಗೆಗೆ ಎರಡು ವರ್ಷದಿಂದ ಉಪ್ಪೂ ಇಲ್ಲ, ಖಾರವೂ ಇಲ್ಲ ಪರಪ್ಪನವರೇ. ಜ್ವರ ಬಂದು ಹೋಯ್ತು.”

ಪರಪ್ಪ ಮೀಸೆ ಮುಟ್ಟಿಕೊಂಡರು. “ಹಂಗಂದ್ರ ನಮ್ಮ ಅಂಗಡ್ಯಾಗ ನೀರ ನೋಡಿ ಹದ ಅದ ಅಂದದ್ದು?”

“ಸುಳ್ಳು.”

“ಏ ಶಿವನ! ನಾ ಅದನ್ನ ಬಂದ ಗಿರಾಕಿಗೆಲ್ಲಾ ಹೇಳ್ಕೋತ ಕುಂತೀನಲ್ರೀ, ಮಾಟುಂಗಾದ ಹೋಟೆಲಿನವರು ನೀರ ಪಾಸ್ ಮಾಡ್ಯಾರ ಅಂತ!”

ಇದಕ್ಕೆ ಇನ್ನೊಮ್ಮೆ ನಗಬೇಕಾಯಿತು. ನಗು ಮುಗಿದ ಮೇಲೆ ಪರಪ್ಪ, ಮಟ್ಟ ಇಳಿದಾಗ ಏನು ಸುರಿದಿರಿ ಎಂದು ಕೇಳಿದರು. ದೂಜ ಹೇಳಿದ: ಹಂಡೆಯಲ್ಲಿ ಸಾಂಬಾರು ಇಳಿದರೆ ನೀರು ಹಾಕಬೇಕು, ನೀರು ಹಾಕಿದ ಮೇಲೆ ಉಪ್ಪು ಹಾಕಬೇಕು, ಹುಟ್ಟಿದ ಮೇಲೆ ಕಲಿತ ಮೊದಲ ಪಾಠ ಅದು. ಪರಪ್ಪ ತಲೆಯ ಟೋಪಿ ತೆಗೆದು ತೊಡೆಯ ಮೇಲಿಟ್ಟುಕೊಂಡರು.

“ಕಾಕಾ, ನಮ್ಮ ಕಡೆ ಸವಳ ಭೂಮಿ ಅಂತ ಇರ್ತದ. ಕಾಲುವಿ ನೀರ ಹರಿಸ್ತಾರ, ಬ್ಯಾಸಿಗ್ಯಾಗ ನೀರ ಆರಿ ಮ್ಯಾಲ ಹೋಗ್ತದ. ಹೊಲದ ಮ್ಯಾಲ ಬೆಳ್ಳಗ ಉಪ್ಪ ಕುಂತಿರ್ತದ, ಒಂದ ಕಾಳ ಬೆಳಿಯಂಗಿಲ್ಲ. ಬಿಸಲ ನೀರಷ್ಟ ಕುಡೀತದ್ರಿ. ಉಪ್ಪ ಮುಟ್ಟಂಗಿಲ್ಲ. ಇಲ್ಲೂ ನಿಮ್ಮ ಫ್ಯಾನ್ ನೀರಷ್ಟ ಕುಡದದ. ಉಪ್ಪ ತೊಟ್ಯಾಗ ಕುಂತದ. ನೀವು ಮತ್ತ ಮ್ಯಾಲ ಉಪ್ಪ ಹಾಕೀರಿ.”

ದೂಜ ತೊಟ್ಟಿಯನ್ನು ನೋಡಿದ, ಫ್ಯಾನನ್ನು ನೋಡಿದ. ಹಂಡೆಯಲ್ಲಿ ಸಾಂಬಾರು ಇಳಿದರೆ ಜನ ಉಂಡಿದ್ದಾರೆಂದು ಅರ್ಥ. ಅವರ ಹೊಟ್ಟೆಗೆ ಉಪ್ಪೂ ಹೋಗಿರುತ್ತದೆ. “ಹಾಗಾದ್ರೆ ಇಲ್ಲಿ ಯಾರೂ ಉಣ್ಲೇ ಇಲ್ಲ!” ಎಂದ. ಆ ಮಾತು ಹೇಳುವಾಗ ಅವನ ಮುಖದಲ್ಲಿ ಸಂಕಟಕ್ಕಿಂತ ಹೆಚ್ಚಾಗಿ ಬೆರಗು ಇತ್ತು. ಅರವತ್ತು ದಾಟಿದ ಮೇಲೆ ಉಪ್ಪಿನ ವಿಷಯದಲ್ಲಿ ಹೊಸದೊಂದು ತಿಳಿಯಿತಲ್ಲ ಎಂಬ ಬೆರಗು. ಅದೂ ಸಮುದ್ರವಿಲ್ಲದ ಸೀಮೆಯವರಿಂದ!

ಒಮ್ಮೆಲೇ ಸಿಹಿನೀರು ಸುರಿದರೆ ಗಿರಾಕಿ ಅದರಿಂದಲೇ ಸಾಯುತ್ತದೆ. ಎರಡೆರಡು ಗಂಟೆಗೊಮ್ಮೆ ಒಂದು ತಂಬಿಗೆ ತೆಗೆಯಬೇಕು, ನಮಿತಾಳ ಕ್ಯಾನಿನಲ್ಲಿದ್ದ ಉಪ್ಪಿಲ್ಲದ ಶುದ್ಧ ನೀರು ಒಂದು ತಂಬಿಗೆ ಹಾಕಬೇಕು. ದೂಜ ಕೊಳವೆ ಹಿಡಿಯಲು ಕಲಿತ. ಒಳಗೆ ನೀಲಿ ಮುಗಿದು ಬಿಳಿ ಶುರುವಾಗುವ ಗೆರೆ ಯಾವ ಅಂಕಿಯ ಮೇಲಿದೆಯೋ ಅದೇ ಉಪ್ಪು. ಆದರೂ ಒಂದು ನಾಲಗೆಯ ಸಾಕ್ಷಿ ಇಲ್ಲದೆ ಅವನಿಗೆ ನಂಬಿಕೆ ಬರಲಿಲ್ಲ.

“ಅಕ್ಕ, ನಿನ್ನ ನಾಲಗೆ ಎಷ್ಟು ಹೇಳ್ತದೆ?”

“ನಲವತ್ತು.”

“ನಲವತ್ತೊಂದು. ಸರಿಯಾಗಿ ನೆಕ್ಕು ಮಾರಾಯ್ತಿ, ಬೆಕ್ಕು ಹಾಲು ನೋಡಿದ ಹಾಗೆ ಮಾಡ್ಬೇಡ.”

ನನಗೆ ರಕ್ತದೊತ್ತಡ. ಉಪ್ಪು ಕಡಿಮೆ ಮಾಡಬೇಕೆಂದು ಡಾಕ್ಟರು ಚೀಟಿಯಲ್ಲಿ ಬರೆದು ಕೊಟ್ಟಿದ್ದಾರೆ. ಅಂಥವಳು ನಾಲ್ಕು ದಿನ ಎರಡು ಗಂಟೆಗೊಮ್ಮೆ ಸಮುದ್ರ ನೆಕ್ಕಿ, ಬಾಯಿ ಮುಕ್ಕಳಿಸಿ, ಪುನಃ ನೆಕ್ಕಿದೆ. ನಾಲ್ಕನೆಯ ದಿನದ ಹೊತ್ತಿಗೆ ನನ್ನ ಅಂದಾಜು ಕೊಳವೆಯ ಅಂಕಿಗೆ ಸರಿಯಾಗಿ ಬೀಳತೊಡಗಿತು. ಹುಬ್ಬು ಎತ್ತುವುದನ್ನೂ ಕಲಿತೆ ಎಂದು ದೂಜ ಎಲ್ಲರಿಗೂ ಹೇಳುತ್ತಾನೆ, ಅದು ಸುಳ್ಳು.

ಐದನೆಯ ದಿನ ಬೆಳಿಗ್ಗೆ ನಾನು ಚಹಾ ಸೋಸುತ್ತಿದ್ದೆ. ಹಾಲಿನಿಂದ, ಹೋಟೆಲಿನಲ್ಲಿ ಆರ್ಡರು ಕೂಗುವ ಅದೇ ಗಂಟಲಿನಲ್ಲಿ, “ಒಂದು ಪ್ಲೇಟ್ ಹೋಯ್ತು!” ಎಂದು ಕೂಗು ಬಂತು. ಓಡಿದೆ. ಗಿರಾಕಿ ಮರುವಾಯಿಯ ಮೇಲೆ ಐದೂ ಕೈ ಮಡಿಸಿ, ಬೆನ್ನು ಗೂನು ಮಾಡಿಕೊಂಡು ಕೂತಿತ್ತು. ಮಧ್ಯಾಹ್ನದ ಹೊತ್ತಿಗೆ ಗಾಜು ಹತ್ತಿತು. ಬೆಳ್ಳಗಾಗಿದ್ದ ಕೈಯ ತುದಿ ಉದುರಿ ಹೋಯಿತು, ಅದನ್ನು ಉಳಿಸಲಾಗಲಿಲ್ಲ. ಆದರೆ ಅಲ್ಲಿ ಈಗ ಅಕ್ಕಿಕಾಳಿನಷ್ಟು ಹೊಸ ತುದಿ ಮೂಡಿದೆ. ದೂಜ ದಿನಾ ಭೂತಗನ್ನಡಿ ಹಿಡಿದು ಅದನ್ನು ನೋಡುತ್ತಾನೆ, ಅವಸರವಿಲ್ಲದೆ. ಗಿರಾಕಿ ಉಂಡ ದಿನವೇ ಬಿಲ್ಡಿಂಗಿನ ಹದಿನಾಲ್ಕೂ ಮಾಳಿಗೆಗೆ ಅವನು ತ್ರಾಸು ತಕ್ಕಡಿಯಿಲ್ಲದೆ, ಕಣ್ಣಳತೆಯಲ್ಲೇ ಕೇಸರಿಬಾತು ಮಾಡಿ ಹಂಚಿದ. ಕಸ್ತೂರಿಬಾಯಿ ಎರಡು ಸಲ ಬಂದಳು.

ನಮಿತಾ ಪುಣೆಯಿಂದ ಬಂದಳು. “ಅಜ್ಜಾ, ಎರಡು ವರ್ಷ ಟೇಸ್ಟ್ ಇಲ್ಲ? ಔರ್ ಯಾರಿಗೂ ಬೋಲಾ ನಹೀಂ?” ಎಂದು ಸೊಂಟಕ್ಕೆ ಕೈಯಿಟ್ಟು ನಿಂತಳು. “ಕೇಳಿದ್ದೀಯಾ ನೀನು?” ಎಂದ ದೂಜ. ಆಮೇಲೆ ತಟ್ಟೆಯ ಮುಂದೆ ಕೂತು, ಮೊದಲ ತುತ್ತು ಬಾಯಿಗಿಟ್ಟು, ನನ್ನ ಕಡೆ ತಿರುಗಿ ಬಹಳ ಸಹಜವಾಗಿ ಕೇಳಿದ: “ಅಕ್ಕ, ಇದಕ್ಕೆ ಉಪ್ಪು ಸರಿ ಉಂಟಾ?”

ಸರಿ ಉಂಟು ಎಂದೆ. “ಹುಳಿ?” ಒಂದು ಚೂರು ಮುಂದೆ. “ಒಗ್ಗರಣೆ?” ಸಾಸಿವೆ ಸ್ವಲ್ಪ ಹೊತ್ತಿದೆ. ಅವನು ಕಣ್ಣು ಮುಚ್ಚಿ ನನ್ನ ಮಾತನ್ನೇ ಅಗಿದು ಅಗಿದು ಉಂಡ.

ಸಾವಿರಾರು ಜನಕ್ಕೆ ಬಡಿಸಿ ಬಾಳಿದ ಇಂಥ ಜೀವಗಳನ್ನು ನಾನು ಈ ಊರಿನಲ್ಲಿ ಎಷ್ಟೋ ನೋಡಿದ್ದೇನೆ. ನಮ್ಮ ಕರಾವಳಿಯಿಂದ ಹೋಟೆಲು ಸೇರಿದವರೆಲ್ಲ ಹೆಚ್ಚುಕಡಿಮೆ ಇದೇ ಜಾತಿ. ಗಿರಾಕಿಗೆ ಏನು ಬೇಕೆಂದು ಅವನು ಕೂರುವ ಮೊದಲೇ ಅವರಿಗೆ ತಿಳಿದಿರುತ್ತದೆ. ತಮಗೆ ಏನು ಬೇಕೆಂದು ಇನ್ನೊಬ್ಬರಿಗೆ ಹೇಳುವ ಅಭ್ಯಾಸವೇ ಅವರಿಗೆ ಇರುವುದಿಲ್ಲ. ಒಂದು ಅಂಗ ಕೈಕೊಟ್ಟಿತೋ, ಅದನ್ನು ಮುಚ್ಚಿಟ್ಟು ಮೂಲೆಯಲ್ಲಿ ಕೂರುತ್ತಾರೆ, ಬಡಿಸುವ ಸಾಲಿನಿಂದ ತಮ್ಮನ್ನು ತಾವೇ ಎಬ್ಬಿಸಿಕೊಂಡು. ನನಗೆ ತಿಳಿಯುವುದಿಲ್ಲ, ನೀನು ನೋಡಿ ಹೇಳು ಎಂಬ ಒಂದು ಮಾತು ಅವರ ಗಂಟಲಿನಿಂದ ಹೊರಬರುವುದು ಹಂಡೆ ಇಳಿಸುವುದಕ್ಕಿಂತ ಕಷ್ಟ. ಆದರೆ ಒಮ್ಮೆ ಬಂತೋ, ಆಮೇಲೆ ಅವರನ್ನು ತಡೆಯುವವರಿಲ್ಲ. ಬೆಳಿಗ್ಗೆ ಚಹಾದಿಂದ ಹಿಡಿದು ಕೇಳುತ್ತಾರೆ; ಉತ್ತರ ಕೊಟ್ಟು ಕೊಟ್ಟು ನಮಗೆ ಸಾಕಾಗುತ್ತದೆ; ಸರಿಯಾಗಿ ಹೇಳದಿದ್ದರೆ ಬೈಯುತ್ತಾರೆ. ಇಂಥವರ ಜೊತೆ ಕೂತು ಉಣ್ಣುವವರು ತುತ್ತನ್ನು ಸುಮ್ಮನೆ ನುಂಗುವಂತಿಲ್ಲ, ಅದರ ರುಚಿ ಹೇಗಿದೆಯೆಂದು ಕಂಡುಕೊಳ್ಳಲೇಬೇಕು. ನನಗಂತೂ ಈ ವಯಸ್ಸಿನಲ್ಲಿ, ನನ್ನ ಕೈಯ ಅಡುಗೆ ಇಷ್ಟು ರುಚಿಯೆಂದು ಗೊತ್ತಾದದ್ದು ಹಾಗೆ.